ಪ್ರಜೆ ಪ್ರಶ್ನಿಸಿದರೆ ಕಾನೂನು ಬಗ್ಗೀತೇ?



ಜನರ ಮೇಲೆ ಕಣ್ಣಿಡಲು ಸರ್ಕಾರ ಹೊರಟರೆ ಜನ ಅದನ್ನು ತಡೆಯಬಲ್ಲರೇ? ಉತ್ತರಕ್ಕಾಗಿ ನಾವು ದೂರ ಹೋಗಬೇಕಿಲ್ಲ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ 86 ವರ್ಷ. ಸಂಸತ್ತು ಕಾಯ್ದೆಯನ್ನೇ ಮಾಡದಿರುವಾಗ ಜನರ ಬೆರಳಚ್ಚು, ಕಣ್ಣಿನ ಗುರುತು ಸಂಗ್ರಹಿಸಲು ಅಧಿಕಾರ ಕೊಟ್ಟವರು ಯಾರು ಎಂಬುದು ಅವರ ತಕರಾರು. ಮೈಸೂರಿನ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ, ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್, ಅರುಣಾ ರಾಯ್, ಶಾಂತಾ ಸಿನ್ಹಾ ಮುಂತಾದ ಸಾಮಾಜಿಕ ಹೋರಾಟಗಾರರೂ ನ್ಯಾಯಾಲಯಕ್ಕೆ ಹೋದರು.

ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು 2015ರಲ್ಲಿ ಸರ್ಕಾರ ವಾದಿಸಿತು. ಆ ವಾದದಿಂದಲೇ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. 2017ರ ಆಗಸ್ಟ್ 24ರಂದು ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಮೂಲಭೂತ ಹಕ್ಕು. ಇಂದು ಈ ಹಕ್ಕು ಪ್ರತಿಯೊಬ್ಬ ಭಾರತೀಯನದು.

ಆದರೆ ಆಧಾರ್ ನಿಲ್ಲಲಿಲ್ಲ. 2016ರಲ್ಲಿ ಬಂದಿದ್ದ ಕಾಯ್ದೆಯನ್ನು 2018ರಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠದ ನಾಲ್ವರು ನ್ಯಾಯಮೂರ್ತಿಗಳು ಎತ್ತಿಹಿಡಿದರು, ಒಬ್ಬರು ಒಪ್ಪಲಿಲ್ಲ. ಸಿಮ್‌ಗೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಲೇಬೇಕೆಂಬ ಕಟ್ಟಳೆ ಬಿದ್ದುಹೋಯಿತು. ಮರುವರ್ಷವೇ ತಿದ್ದುಪಡಿ ತಂದು, ಗ್ರಾಹಕರ ಒಪ್ಪಿಗೆಯ ಹೆಸರಿನಲ್ಲಿ, ಸರ್ಕಾರ ಆ ಬಾಗಿಲನ್ನು ಮತ್ತೆ ತೆರೆಯಿತು. ಪಡಿತರಕ್ಕಂತೂ ಆಧಾರ್ ಉಳಿಯಿತು. ಕೂಲಿ ಮಾಡಿ ಸವೆದ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಗುರುತಿಸದಿದ್ದರೆ, ಕಾರ್ಡು ಕೈಯಲ್ಲಿದ್ದೂ ಮುದುಕಿ ಮತ್ತೆ ಮತ್ತೆ ಹೆಬ್ಬೆಟ್ಟು ಒತ್ತುತ್ತಾ ನಿಲ್ಲಬೇಕು.

ಇದರ ಪಕ್ಕದಲ್ಲಿ ಇನ್ನೊಂದು ಪ್ರಸಂಗ ನೋಡಿ. 2015ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಗೂಢಲಿಪೀಕರಣ ನೀತಿಯ ಕರಡು ಪ್ರಕಟಿಸಿತು. ಗೂಢಲಿಪಿಯಲ್ಲಿ ಕಳಿಸಿದ ಸಂದೇಶದ ಮೂಲ ಪ್ರತಿಯನ್ನು ಜನ 90 ದಿನ ಇಟ್ಟುಕೊಂಡು, ಕೇಳಿದಾಗ ಪೊಲೀಸರಿಗೆ ಒಪ್ಪಿಸಬೇಕೆಂದು ಅದರಲ್ಲಿತ್ತು. ದೇಶದೆಲ್ಲೆಡೆ ಆಕ್ಷೇಪ ಎದ್ದಿತು. ಕೆಲವೇ ದಿನಗಳಲ್ಲಿ ಸರ್ಕಾರ ಕರಡನ್ನು ಹಿಂಪಡೆಯಿತು.

ನನಗೆ ಕಾಣುವುದು ಇಷ್ಟು. ಕರಡಿನ ಹಂತದಲ್ಲಿ ಜನರ ದನಿ ಕಾನೂನನ್ನೇ ತಡೆಯಬಲ್ಲದು. ಯೋಜನೆ ಬೇರೂರಿ ಕಾಯ್ದೆಯಾದ ಮೇಲೆ ಅದಕ್ಕೆ ಮಿತಿ ಹಾಕಿಸುವುದಷ್ಟೇ ಸಾಧ್ಯ, ಅದಕ್ಕೂ ವರ್ಷಗಟ್ಟಲೆ ಹೋರಾಡಬೇಕು. ಆದ್ದರಿಂದ ಸರ್ಕಾರ ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ದಯವಿಟ್ಟು ಸುಮ್ಮನಿರಬೇಡಿ. ನಿಮ್ಮೂರಿನ ಸಂಘಗಳಲ್ಲಿ ಕೂತು ಓದಿ, ಚರ್ಚಿಸಿ. ಕನ್ನಡದಲ್ಲೇ ಆಕ್ಷೇಪಣೆ ಬರೆದು, ಗಡುವಿನೊಳಗೆ ಕಳಿಸಿ.