ಹಸಿದ ಹುಳುಗಳ ಗೋಪುರ

ಹಿತ್ತಿಲಲ್ಲಿ ಬಿದ್ದು ಕೊಳೆತ ಸೀಬೆಹಣ್ಣನ್ನು ಕಂಡರೆ ನಾವು ಮೂಗು ಮುಚ್ಚಿಕೊಂಡು ಅದನ್ನು ಕಡ್ಡಿಯಿಂದ ಆಚೆಗೆ ತಳ್ಳುತ್ತೇವೆ. ಆದರೆ ಕೊಳೆತ ಹಣ್ಣೇ ಊರು, ಅದೇ ಉಗ್ರಾಣ ಎಂದು ಬಾಳುವ ಒಂದು ದುಂಡುಹುಳು ಉಂಟು. ಉದ್ದ ಒಂದು ಮಿಲಿಮೀಟರು. ಮೈಯಲ್ಲಿ ನರಕೋಶಗಳು ಎಣಿಸಿ 302. ಶಾಸ್ತ್ರದ ಹೆಸರು ಸೀನೊರಾಬ್ಡೈಟಿಸ್ ಎಲಿಗನ್ಸ್. ಹುಳುವಿಗಿಂತ ಹೆಸರೇ ಉದ್ದವಾಯಿತು, ಶ್ರೋತೃಗಳು ಕ್ಷಮಿಸಬೇಕು. ಕೇಂಬ್ರಿಡ್ಜಿನ ಸಿಡ್ನಿ ಬ್ರೆನ್ನರ್ ಅವರು 1963ರಲ್ಲಿ ಇದನ್ನು ಸಂಶೋಧನೆಗೆ ಆರಿಸಿಕೊಂಡ ಮೇಲೆ ಇದಕ್ಕೆ ಲೋಕಪ್ರಸಿದ್ಧಿ ಬಂತು. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಜಿ.ಕೆ.ವಿ.ಕೆ. ಆವರಣವಿದೆಯಷ್ಟೆ, ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೂ ಇದನ್ನು ಸಾಕಿ ಅಭ್ಯಾಸ ಮಾಡಿದ್ದಾರೆ.

ಇದರ ಆಹಾರ ಬ್ಯಾಕ್ಟೀರಿಯ. ಅದಿರುವವರೆಗೆ ಸುಖವೇ. ಹೊಟ್ಟೆಗೆ ಕಡಮೆಯಾಗಿ ಮಂದಿ ಹೆಚ್ಚಿದಾಗ, ಹುಳುಗಳೇ ಸ್ರವಿಸುವ ಒಂದು ರಸದಿಂದ ಮರಿಗಳಿಗೆ ಆ ಇಕ್ಕಟ್ಟು ತಿಳಿಯುತ್ತದೆ. ಮರಿ ಆಗ ಬೆಳೆಯುವ ದಾರಿಯನ್ನೇ ಬದಲಿಸಿ, ಬಾಯಿ ಮುಚ್ಚಿ, ಉಪವಾಸಕ್ಕೆ ಕೂರುತ್ತದೆ. ಎರಡು ಮೂರು ವಾರ ಬದುಕುವ ಪ್ರಾಣಿ ಹೀಗೆ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು.

ಆದರೆ ಕುಳಿತಲ್ಲಿಗೆ ಅನ್ನ ಬಾರದು, ಊರು ಬಿಡಬೇಕು. ಕಾಲಿಲ್ಲ, ರೆಕ್ಕೆಯಿಲ್ಲ. ಏನು ಮಾಡುತ್ತವೆ? ಒಂದರ ಮೇಲೊಂದು ಹತ್ತಿ ಗೋಪುರ ಕಟ್ಟುತ್ತವೆ! ಪ್ರಯೋಗಶಾಲೆಯಲ್ಲಿ ಇದನ್ನು ಕಂಡವರಿದ್ದರು. ಜರ್ಮನಿಯ ಕಾನ್‌ಸ್ಟಾಂಜ್ ಊರಿನ ತೋಟಗಳಲ್ಲಿ ಬಿದ್ದ ಸೇಬು, ಪೇರುಹಣ್ಣುಗಳ ಮೇಲೂ ಈ ಕುಲದ ಹುಳುಗಳ ಗೋಪುರಗಳಿವೆಯೆಂದು 2025ರಲ್ಲಿ ಪ್ರಕಟವಾಯಿತು. ಒಂದೊಂದು ಗೋಪುರದಲ್ಲಿ ಒಂದೇ ಜಾತಿ, ಎಲ್ಲವೂ ಉಪವಾಸದ ಮರಿಗಳೇ. ಗೋಪುರ ಬಳುಕುತ್ತದೆ, ಮುಟ್ಟಿದ ಕಡೆಗೆ ವಾಲುತ್ತದೆ. ಹಣ್ಣಿನ ನೊಣ ತಗುಲಿದರೆ ಒಟ್ಟಿಗೆ ಅಂಟಿಕೊಂಡು ಸವಾರಿ ಹೊರಡುತ್ತದೆ.

ಹಾಗಾದರೆ ಅಡಿಯಲ್ಲಿ ಸಿಕ್ಕವರ ಗತಿ? ನನ್ನನ್ನು ಕಾಡಿದ್ದು ಈ ಪ್ರಶ್ನೆಯೇ. ಪಡಿತರದ ಸಾಲಿನಲ್ಲಿ ನಿಂತು ಗೊತ್ತಿದ್ದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಮಣ್ಣಿನಲ್ಲಿರುವ ಒಂದು ಜಾತಿಯ ಅಮೀಬಗಳು ಹಸಿದಾಗ ಸಾವಿರಗಟ್ಟಲೆ ಒಂದುಗೂಡುತ್ತವೆ. ಸುಮಾರು ಐದರಲ್ಲೊಂದು ಪಾಲು ಸತ್ತು ಕಾಂಡವಾಗಿ, ಉಳಿದವನ್ನು ಬೀಜಕಣಗಳಾಗಿ ಮೇಲೆತ್ತುತ್ತವೆ. ಯಶವಂತಪುರಕ್ಕೆ ಹತ್ತಿರದ ನಮ್ಮ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯನವರು ಈ ತ್ಯಾಗದ ಲೆಕ್ಕಾಚಾರವನ್ನು ಬಹುಕಾಲ ಶೋಧಿಸಿದರು. ಹುಳುಗಳಲ್ಲಿ ಹಾಗಿಲ್ಲ. ಪ್ರಯೋಗಶಾಲೆಯ ಗೋಪುರದಲ್ಲಿ ಬುಡದವಕ್ಕೂ ತುದಿಯವಕ್ಕೂ ಶಕ್ತಿಯಲ್ಲಿ, ಸಂತಾನದಲ್ಲಿ ಭೇದ ಕಾಣಲಿಲ್ಲ. ಆದರೆ ಅವೆಲ್ಲ ಒಂದೇ ವಂಶದವು, ಅಚ್ಚೊತ್ತಿದ ಹಾಗೆ ಒಂದೇ ಬಗೆಯವು. ತೋಟದ ಹಣ್ಣಿನ ಮೇಲೆ ಬೇರೆ ಬೇರೆ ಮನೆತನಗಳು ಕೂಡಿದಾಗ ಯಾರು ಹೊರುತ್ತಾರೆ, ಯಾರು ಏರುತ್ತಾರೆ ಎಂಬುದನ್ನು ಇನ್ನು ನೋಡಬೇಕಾಗಿದೆ.