ಅಂಗಭಂಗವಾದವರ ನಿತ್ಯಸೇವೆಯ ವ್ಯವಸ್ಥೆ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನೊಳಗೊಂಡ ಈ ಸೀಮೆಯು ಮೇಲೆ ತೊಗರಿಯನ್ನೂ ಕೆಳಗೆ ಕಲ್ಲನ್ನೂ ಹೊತ್ತಿರುವ ಸೀಮೆಯು. ಕಾಗಿಣಾ ನದಿಯ ಆಸುಪಾಸಿನ ಎರೆಮಣ್ಣಿನ ಅಡಿಯಲ್ಲಿ ಪದರುಪದರಾಗಿ ಹಾಸಿಕೊಂಡಿರುವ ಸುಣ್ಣಕಲ್ಲೇ ಶಹಾಬಾದದ ಫರಸಿಯೆಂಬ ಹೆಸರಿನಿಂದ ದೂರದೂರದ ಮನೆಗಳ ನೆಲಕ್ಕೆ ಹಾಸಾಗಿದೆ; ಅದೇ ಕಲ್ಲು ಕಾರ್ಖಾನೆಗಳಲ್ಲಿ ಬೆಂದು ಸಿಮೆಂಟಾಗುತ್ತದೆ. ಸಾವಿರಾರು ಮನೆಗಳ ಒಲೆಯು ಈ ಕಾಯಕದಿಂದಲೇ ಉರಿಯುವುದೆಂಬುದು ಸರ್ವವಿದಿತವಾದುದು. ಆದರೆ ಕಲ್ಲಿನ ಕಾಯಕದಲ್ಲಿ ಅಪಾಯವೂ ಉಂಟು. ಖಣಿಯಲ್ಲಿ ಬಂಡೆಯ ಪದರು ಜಾರಬಹುದು. ಕಲ್ಲು ಹೇರಿದ ಲಾರಿಯು ಮಗುಚಬಹುದು. ಹೊಲದಲ್ಲಿ ಟ್ರ್ಯಾಕ್ಟರು ಉರುಳಬಹುದು. ಒಂದು ನಿಮಿಷದಲ್ಲಿ ಬೆನ್ನುಹುರಿಗೋ ಮಿದುಳಿಗೋ ಆದ ಪೆಟ್ಟು ಒಂದು ಮನೆಯ ಮುಂದಿನ ಮೂವತ್ತು ವರುಷಗಳನ್ನು ಬೇರೆ ಮಾಡಿಬಿಡುತ್ತದೆ. ಆ ಮೂವತ್ತು ವರುಷಗಳ ವಿಚಾರವೇ ಇಂದಿನ ಉಪನ್ಯಾಸದ ವಿಷಯವು.

ಇಂತಹ ದುರ್ಘಟನೆ ನಡೆದಾಗ ಜನರ ಹೃದಯವು ಕರಗದಿರುವುದಿಲ್ಲ. ದವಾಖಾನೆಯ ಬಾಗಿಲಲ್ಲಿ ಇಡೀ ಓಣಿಯೇ ನಿಲ್ಲುತ್ತದೆ. ಕೈಲಾದವರು ಹಣ ಕೊಡುತ್ತಾರೆ, ಕೆಲವರು ರಕ್ತವನ್ನೂ ಕೊಡುತ್ತಾರೆ. ಮನೆಗೆ ಕರೆತಂದ ಮೇಲೆ ಒಂದು ತಿಂಗಳು ಬುತ್ತಿಗೆ ಕೊರತೆಯಿರುವುದಿಲ್ಲ. ಎರಡನೆಯ ತಿಂಗಳು ಬರುವವರು ಕಡಿಮೆಯಾಗುತ್ತಾರೆ. ಒಂದು ವರುಷ ಕಳೆಯುವಷ್ಟರಲ್ಲಿ ಮಂಚದ ಬಳಿ ಉಳಿಯುವವಳು ತಾಯಿಯೋ ಹೆಂಡತಿಯೋ ಒಬ್ಬಳೇ. ಇದರಲ್ಲಿ ಯಾರ ಮನಸ್ಸೂ ಕೆಟ್ಟದ್ದಲ್ಲ. ಕರುಣೆಯು ಬಂದಿತು, ಆದರೆ ಅದಕ್ಕೆ ಕಟ್ಟುಪಾಡು ಇರಲಿಲ್ಲ. ಕಟ್ಟುಪಾಡಿಲ್ಲದ ಕರುಣೆಯು ಮೊದಲ ಮಳೆಯಂತೆ. ಅದು ನೆಲವನ್ನು ನೆನೆಸೀತು, ಬೆಳೆಯನ್ನು ಕೈಗೆ ಕೊಡಲಾರದು.

ದಾಸೋಹದ ಮರ್ಮವನ್ನು ಬಲ್ಲ ಭಕ್ತರಿಗೆ ಈ ಮಾತು ಹೊಸದಲ್ಲ. ಒಂದು ದಿನ ಸಾವಿರ ಎಲೆ ಹಾಕುವುದು ಸುಲಭವು. ಪ್ರತಿದಿನ ಹತ್ತು ಎಲೆ ತಪ್ಪದಂತೆ ನೋಡಿಕೊಳ್ಳುವುದೇ ಕಠಿಣವು. ಆದುದರಿಂದಲೇ ಹಿರಿಯರು ನಿತ್ಯಕ್ಕೆ ಬೇಕಾದುದನ್ನು ಒಬ್ಬೊಬ್ಬರ ಉತ್ಸಾಹಕ್ಕೆ ಬಿಡದೆ ದತ್ತಿಯ ಮೂಲಕ ಗೊತ್ತುಮಾಡಿದರು. ಇದೇ ಸೇಡಂ ಊರಿನ 1124ರ ಶಾಸನದಲ್ಲಿ ಇಲ್ಲಿಯ ಮುನ್ನೂರು ಮಹಾಜನರು ಶಾಂತಿನಾಥ ಬಸದಿಯನ್ನು ಕಟ್ಟಿಸಿ, ಅದರ ನಡೆವಳಿಗೆ ಭೂಮಿ ಮೊದಲಾದವನ್ನು ಬಿಟ್ಟುಕೊಟ್ಟ ವಿಷಯವಿದೆ. ಕಟ್ಟಡದೊಡನೆಯೇ ಅದರ ನಾಳಿನ ಖರ್ಚನ್ನೂ ಯೋಚಿಸಿದ ಜನರವರು. ರೋಗಿಗಳ ಮತ್ತು ಅಂಗಹೀನರ ಸೇವೆಗೂ ಈ ಬುದ್ಧಿಯೇ ಬೇಕೆಂಬುದಕ್ಕೆ ಇನ್ನೊಂದು ನಿದರ್ಶನವು ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ದೊರೆಯುತ್ತದೆ. ಬಿಜ್ಜಳನ ಕಾಲದ 1162ರ ಶಾಸನವು ಅಲ್ಲಿಯ ಕೋಡಿಯ ಮಠವನ್ನು ವರ್ಣಿಸುವಾಗ, ಅದು ವಿದ್ಯೆಯ ಸ್ಥಾನವೆಂಬುದರ ಜೊತೆಗೆ ದೀನರಿಗೂ ಕುಂಟರಿಗೂ ಕುರುಡರಿಗೂ ಅನ್ನವನ್ನೀಯುವ, ರೋಗಿಗಳಿಗೆ ಚಿಕಿತ್ಸೆ ಮಾಡುವ ಸ್ಥಾನವೆಂದೂ ಹೇಳುತ್ತದೆ. ಕಲ್ಯಾಣದಲ್ಲಿ ಶರಣರಿದ್ದ ಕಾಲವೇ ಅದು. ಮಠವೆಂದರೆ ಅಂಗಭಂಗವಾದವರ ಆಸರೆಯೂ ಹೌದೆಂಬ ಭಾವನೆಯು ಈ ನಾಡಿನಲ್ಲಿ ಎಂಟುನೂರು ವರುಷಕ್ಕೂ ಹಳೆಯದು.

ಹಾಗಾದರೆ ಗಾಯಗೊಂಡವನ ಮನೆಯಲ್ಲಿ ಗೊತ್ತುಮಾಡತಕ್ಕ ವಿಷಯಗಳಾವುವು? ಶರೀರದ ನಿಯಮ, ಸೇವೆ ಮಾಡುವವರ ಪಾಳಿ, ಹಣದ ಕಟ್ಟು, ಗಾಯಗೊಂಡವನ ಸ್ವಂತ ಇಚ್ಛೆ: ಹೀಗೆ ನಾಲ್ಕು.

ಮೊದಲನೆಯದು ಶರೀರದ ನಿಯಮ. ಬೆನ್ನುಹುರಿ ತುಂಡಾದವನ ಕಾಲುಗಳು ಚಲನೆಯನ್ನು ಮಾತ್ರವಲ್ಲ, ನೋವನ್ನೂ ಮರೆತಿರುತ್ತವೆ. ಒಂದೇ ಮಗ್ಗುಲಲ್ಲಿ ಮಲಗಿದರೆ ಆರೋಗ್ಯವಂತನ ಮೈ ತಾನಾಗಿ ಹೊರಳುತ್ತದೆ. ಇವನ ಮೈ ಹೊರಳದು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತವು ಹರಿಯದೆ ಹುಣ್ಣಾಗಿ, ಆ ಹುಣ್ಣೇ ಪ್ರಾಣಕ್ಕೆ ಎರವಾಗುವುದುಂಟು. ಹಿಂದಿನ ಕಾಲದಲ್ಲಿ ಹೀಗೆ ಗಾಯಗೊಂಡವರಲ್ಲಿ ಬಹುಮಂದಿ ಹುಣ್ಣಿನಿಂದಲೂ ಮೂತ್ರದ ಸೋಂಕಿನಿಂದಲೂ ಬೇಗನೆ ಮಡಿಯುತ್ತಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಎಂಬಲ್ಲಿ 1944ರಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಎರಡು ಗಂಟೆಗೊಮ್ಮೆ ರೋಗಿಯನ್ನು ಹೊರಳಿಸುವ ನಿಯಮವನ್ನು ಹಗಲಿರುಳೂ ಕಟ್ಟುನಿಟ್ಟಾಗಿ ನಡೆಸಿದ ಮೇಲೆ ಈ ಸ್ಥಿತಿಯು ಬದಲಾಯಿತು. ಅದಕ್ಕೆ ಬೇಕಾದುದು ದೊಡ್ಡ ಯಂತ್ರವಲ್ಲ, ತಪ್ಪದ ಕೈಗಳು.

ಆದುದರಿಂದ ಮನೆಗೆ ಬರುವ ಮುನ್ನವೇ ದವಾಖಾನೆಯಲ್ಲಿ ಕಲಿತುಕೊಳ್ಳತಕ್ಕ ಸಂಗತಿಗಳಿವೆ. ಮಲಗಿದವನನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಗಾಲಿಕುರ್ಚಿಯಲ್ಲಿ ಕುಳಿತವನು ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಮೈಭಾರವನ್ನು ಎತ್ತಿ ಹಗುರಮಾಡಿಕೊಳ್ಳಬೇಕು. ಬೆಳಿಗ್ಗೆ ಸಂಜೆ ಬೆನ್ನು, ಸೊಂಟ, ಹಿಮ್ಮಡಿಗಳ ಚರ್ಮವನ್ನು ಬೆಳಕಿನಲ್ಲಿ ನೋಡಬೇಕು. ಬಣ್ಣ ಬದಲಾಗಿದ್ದರೆ ಆ ಭಾಗದ ಮೇಲೆ ಭಾರ ಬೀಳಬಾರದು. ವೈದ್ಯರು ಕಲಿಸಿದ ಕ್ರಮದಂತೆ ನಾಲ್ಕರಿಂದ ಆರು ಗಂಟೆಗೊಮ್ಮೆ ಶುಚಿಯಾದ ನಳಿಕೆಯಿಂದ ಮೂತ್ರವನ್ನು ತೆಗೆಯಬೇಕಾಗಬಹುದು. ಚಳಿಗಾಲದಲ್ಲಿ ಕಾಲಿಗೆ ಬಿಸಿ ಇಟ್ಟಿಗೆಯ ಶಾಖ ಕೊಡುವ ರೂಢಿಯು ಇಲ್ಲಿ ಸಲ್ಲದು. ಸುಟ್ಟರೂ ಅವನಿಗೆ ತಿಳಿಯದು. ಎದೆಯ ಮೇಲ್ಭಾಗದಲ್ಲಿಯೋ ಕುತ್ತಿಗೆಯಲ್ಲಿಯೋ ಪೆಟ್ಟಾದವನಿಗೆ ಒಮ್ಮಿಂದೊಮ್ಮೆಗೆ ತಲೆ ಸಿಡಿದು ಮುಖ ಬೆವರಿದರೆ, ಅವನನ್ನು ಎಬ್ಬಿಸಿ ಕುಳ್ಳಿರಿಸಿ, ಮೂತ್ರ ಕಟ್ಟಿದೆಯೋ ಎಂದು ನೋಡಿ, ತಕ್ಷಣ ವೈದ್ಯರಲ್ಲಿಗೆ ಒಯ್ಯಬೇಕು. ಇವೆಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಹಚ್ಚಿದರೆ ಹೊಸಬರು ಬಂದರೂ ನಿಯಮವು ತಪ್ಪದು.

ಎರಡನೆಯದು ಪಾಳಿ. ಗಾಯಗೊಂಡ ಮಗನಿಗೆ ಮೂವತ್ತು ವರುಷ, ಸೇವೆ ಮಾಡುವ ತಾಯಿಗೆ ಐವತ್ತೈದು ಎಂದು ಭಾವಿಸೋಣ. ಅವನಿಗೆ ಐವತ್ತಾಗುವಾಗ ಆ ತಾಯಿಗೆ ಎಪ್ಪತ್ತೈದು. ಆಗ ಅವನನ್ನು ಹೊರಳಿಸುವವರಾರು? ಈ ಪ್ರಶ್ನೆಯನ್ನು ಆಡಲು ಮನೆಯವರು ಹೆದರುತ್ತಾರೆ, ಅಶುಭವೆಂದು ಬಾಯಿಮುಚ್ಚಿಸುತ್ತಾರೆ. ಅಶುಭವಿರುವುದು ಪ್ರಶ್ನೆಯಲ್ಲಲ್ಲ, ಉತ್ತರವಿಲ್ಲದಿರುವುದರಲ್ಲಿ. ಅಣ್ಣತಮ್ಮಂದಿರೂ ಸೋದರಮಾವಂದಿರೂ ಅವನ ಎದುರಿಗೆ ಕುಳಿತು ಯಾವ ದಿನ ಯಾರು, ಯಾವ ರಾತ್ರಿ ಯಾರು ಎಂಬುದನ್ನು ಗೊತ್ತುಮಾಡತಕ್ಕದ್ದು. ಸೊಸೆಯೊಬ್ಬಳ ಹೆಗಲಿಗೆ ಎಲ್ಲವನ್ನೂ ಹೊರಿಸಿ ಅವಳನ್ನು ಸಾಧ್ವಿಯೆಂದು ಹೊಗಳುವುದು ನ್ಯಾಯವಲ್ಲ. ಸೇವೆ ಮಾಡುವವಳಿಗೂ ನಿದ್ದೆ ಬೇಕು, ತವರಿಗೆ ಹೋಗಿಬರುವ ದಿನಗಳು ಬೇಕು. ಗಾಯಗೊಂಡವಳು ಹೆಣ್ಣಾದರೆ ಈ ಪಾಳಿಯನ್ನು ಇನ್ನಷ್ಟು ಎಚ್ಚರದಿಂದ ಕಟ್ಟಬೇಕು. ಎಲ್ಲರ ಸೇವೆ ಮಾಡಿದವಳು ತಾನು ಬಿದ್ದಾಗ ಸೇವೆ ಕೇಳಲು ನಾಚುತ್ತಾಳೆ.

ಮೂರನೆಯದು ಹಣದ ಕಟ್ಟು. ಕೆಲಸದ ಸ್ಥಳದಲ್ಲಿ ಗಾಯಗೊಂಡವರಿಗಾಗಿ ಇದ್ದ 1923ರ ಪರಿಹಾರದ ಕಾಯಿದೆಯೂ 1948ರ ಕಾರ್ಮಿಕ ರಾಜ್ಯ ವಿಮೆಯ ಕಾಯಿದೆಯೂ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಆ ಸಂಹಿತೆಯು 2025ರ ನವೆಂಬರ 21ರಂದು ಜಾರಿಗೆ ಬಂದಿತು. ವಿಮೆಯುಳ್ಳ ಕಾರ್ಮಿಕನು ಪೂರ್ತಿಯಾಗಿ ಅಶಕ್ತನಾದರೆ ವೇತನದ ನೂರಕ್ಕೆ ತೊಂಬತ್ತು ಪಾಲಿನಷ್ಟು ಹಣವು ತಿಂಗಳುತಿಂಗಳಿಗೆ ಬರುವ ಪದ್ಧತಿಯಿದೆ. ವಿಮೆಯಿಲ್ಲದವನಿಗೆ ದೊರೆಯುವುದು ಒಂದೇ ಗಂಟಿನ ಹಣ. ಮೂವತ್ತು ವರುಷದವನಿಗೆ ಲೆಕ್ಕಕ್ಕೆ ಹಿಡಿದ ತಿಂಗಳ ವೇತನ 15,000 ರೂಪಾಯಿ ಎಂದಿಟ್ಟುಕೊಂಡರೆ, ಅದರ ನೂರಕ್ಕೆ ಅರುವತ್ತು ಪಾಲು 9,000. ಅದನ್ನು ಆ ವಯಸ್ಸಿಗೆ ಗೊತ್ತಾದ 207.98ರಿಂದ ಗುಣಿಸಿದರೆ 18,71,820 ರೂಪಾಯಿ. ಬಡವನ ಮನೆಗೆ ಇದು ಐಶ್ವರ್ಯದಂತೆ ತೋರುತ್ತದೆ. ಆದರೆ ಮೂವತ್ತು ವರುಷಗಳ 360 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 5,200 ಮಾತ್ರ. ಬಡ್ಡಿಯು ಅದನ್ನು ಹೆಚ್ಚಿಸೀತು, ಬೆಲೆಯೇರಿಕೆಯು ತಿಂದೀತು. ಹೀಗಿರಲು ಆ ಹಣದಲ್ಲಿ ತಂಗಿಯ ಮದುವೆಯನ್ನೋ ಮನೆಯ ಮೇಲ್ಛಾವಣಿಯನ್ನೋ ಮುಗಿಸಿದರೆ, ಮುಗಿದದ್ದು ಅವನ ಮುಂದಿನ ಅನ್ನವು. ಅದನ್ನು ಅವನ ಹೆಸರಿನಲ್ಲಿಯೇ ಠೇವಣಿಯಿಟ್ಟು ಬಡ್ಡಿಯನ್ನು ಮಾತ್ರ ಮುಟ್ಟುವುದು ಲೇಸು. ತಾಯಿತಂದೆಗಳು ತಮ್ಮ ಮೃತ್ಯುಪತ್ರದಲ್ಲಿ ಅವನ ಪಾಲನ್ನೂ ಅದನ್ನು ನೋಡಿಕೊಳ್ಳುವವರ ಹೆಸರನ್ನೂ ಸ್ಪಷ್ಟವಾಗಿ ಬರೆಸುವುದು ಲೇಸು.

ವಾಹನದ ಅಪಘಾತವಾದರೆ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸುವುದು ಕ್ಷೇಮವು. ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು ಆ ಅವಧಿಯನ್ನು ಹೇಳಿದೆ. ದವಾಖಾನೆಯ ಖರ್ಚನ್ನು ಮಾತ್ರ ಕೇಳಿದರೆ ಸಾಲದು. 2020ರಲ್ಲಿ ಸುಪ್ರೀಂ ಕೋರ್ಟು, ಹನ್ನೆರಡನೆಯ ವಯಸ್ಸಿನಲ್ಲಿ ಲಾರಿಯ ಅಪಘಾತದಿಂದ ಮಿದುಳಿಗೆ ಪೆಟ್ಟಾದ ಬಾಲಿಕೆಯೊಬ್ಬಳ ಮೊಕದ್ದಮೆಯಲ್ಲಿ, ಇಬ್ಬರು ಸೇವಕರ ವೇತನವನ್ನು ತಲಾ 5,000 ರೂಪಾಯಿಯಂತೆ ಹಿಡಿದು, 18 ವರುಷಗಳ ಗುಣಕದಿಂದ ಲೆಕ್ಕಹಾಕಿ, ಅದೊಂದಕ್ಕೇ 21,60,000 ರೂಪಾಯಿಗಳನ್ನು ವಿಧಿಸಿತು. ಮನೆಯವರ ಶುಶ್ರೂಷೆಗೂ ಬೆಲೆಯುಂಟೆಂದು ನ್ಯಾಯಾಲಯವೇ ಒಪ್ಪಿರುವಾಗ ಅದನ್ನು ಕೇಳಲು ಸಂಕೋಚವೇಕೆ? ವಾಡಿಯಂತಹ ಜಂಕ್ಷನ್ನಿನಲ್ಲಿ ದುಡಿಯುವ ರೈಲ್ವೆ ನೌಕರರು ಇನ್ನೊಂದು ಮಾತನ್ನು ತಿಳಿದಿರಬೇಕು: ಸರಕಾರಿ ನೌಕರನು ಸೇವೆಯಲ್ಲಿರುವಾಗ ಅಂಗವಿಕಲನಾದರೆ ಅವನನ್ನು ಕೆಲಸದಿಂದ ತೆಗೆಯಲಾಗದು, ಅದೇ ವೇತನದ ಬೇರೆ ಕೆಲಸ ಕೊಡಬೇಕೆಂದು 2016ರ ವಿಕಲಾಂಗರ ಹಕ್ಕುಗಳ ಕಾಯಿದೆಯು ಹೇಳುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಗಾಯಗೊಂಡವನ ಇಚ್ಛೆ. ಅವನ ಕಾಲು ನಿಂತಿದೆ, ಬುದ್ಧಿಯು ನಿಂತಿಲ್ಲ. ವೆಲ್ಲೂರಿನ ತರುಣ ವೈದ್ಯೆ ಮೇರಿ ವರ್ಗೀಸರು 1954ರಲ್ಲಿ ವಾಹನದ ಅಪಘಾತದಿಂದ ಸೊಂಟದ ಕೆಳಗಿನ ಶಕ್ತಿಯನ್ನು ಕಳೆದುಕೊಂಡರು. ಅನಂತರ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಂಗವಿಕಲರ ಪುನರ್ವಸತಿಯ ಕೇಂದ್ರವು ಅವರ ಮುಂದಾಳ್ತನದಲ್ಲಿ ಅಲ್ಲಿ ತಲೆಯೆತ್ತಿತು. ಎಲ್ಲರೂ ಮೇರಿ ವರ್ಗೀಸರಾಗಲಾರರು ನಿಜ. ಆದರೆ ಲೆಕ್ಕ ಬರೆಯುವುದು, ಮಕ್ಕಳಿಗೆ ಓದು ಹೇಳುವುದು, ಕೂತಲ್ಲಿಯೇ ಅಂಗಡಿ ನಡೆಸುವುದು ಇವು ಕಾಯಕವಲ್ಲವೇ? ಮಿದುಳಿಗೆ ಪೆಟ್ಟಾಗಿ ಮಾತು ತೊಡಕಾದವನಿಗೂ ಇಷ್ಟಾನಿಷ್ಟಗಳಿರುತ್ತವೆ. ಕಣ್ಣಿನ ಸನ್ನೆಯನ್ನಾದರೂ ಕಾದು ತಿಳಿಯಬೇಕು. ಕಾಯಕವನ್ನು ಕಸಿದುಕೊಂಡು ಅನ್ನವನ್ನಷ್ಟೇ ಕೊಡುವುದು ಅರ್ಧ ದಾಸೋಹವು.

ಸದ್ಭಕ್ತರೇ, ಮಹೋತ್ಸವದ ಈ ಸಂದರ್ಭದಲ್ಲಿ ಪ್ರತಿಯೊಂದು ಊರಿನ ಭಕ್ತಮಂಡಲಿಯೂ ತನ್ನೂರಿನಲ್ಲಿ ಹೀಗೆ ಮಲಗಿರುವವರು ಎಷ್ಟು ಮಂದಿಯೆಂದು ಒಮ್ಮೆ ಎಣಿಸಲಿ. ಅವರ ಮನೆಗೆ ಹಣ್ಣುಹಂಪಲು ಹಿಡಿದು ಒಂದು ದಿನ ಹೋಗುವುದಕ್ಕಿಂತ, ವಾರಕ್ಕೊಂದು ರಾತ್ರಿಯ ಪಾಳಿಯನ್ನು ಒಪ್ಪಿಕೊಳ್ಳಲಿ. ಒಬ್ಬರು ಕಾಗದಪತ್ರಗಳನ್ನು ನೋಡಲಿ; ಒಬ್ಬರು ತಾಲೂಕಿನ ಕಚೇರಿಗೆ ಓಡಾಡಲಿ; ಬಡಗಿಯೊಬ್ಬನು ಹೊಸ್ತಿಲಿಗೆ ಇಳಿಜಾರು ಮಾಡಿಕೊಡಲಿ. ಆ ತಾಯಿಯು ಒಂದು ರಾತ್ರಿ ನಿಶ್ಚಿಂತೆಯಿಂದ ಮಲಗಿ, ಬೆಳಿಗ್ಗೆ ಎದ್ದು ಮಗನ ಬೆನ್ನು ಹುಣ್ಣಿಲ್ಲದೆ ಇರುವುದನ್ನು ನೋಡಿದರೆ, ಆ ಊರಿನ ದಾಸೋಹವು ಅಂದು ಪೂರ್ಣವಾಯಿತು.

ಸರ್ವರಿಗೂ ಸನ್ಮಂಗಳವಾಗಲಿ.