ಹೆಣ್ಣನ್ನು ಭೂಮಿತಾಯಿ ಎಂದರೆ ಸಾಕೆ?

(ಭದ್ರಾವತಿಯಲ್ಲಿ ಮಾಡಿದ ಭಾಷಣ)



ಕಾದಂಬರಿಯ ವಿಚಾರ ಕಾರ್ಖಾನೆಯ ಜನಕ್ಕೆ ಏಕೆ ಎಂದು ತಾವು ಕೇಳಬಹುದು. ಕಾರಣವುಂಟು. 1923ರಲ್ಲಿ ಈ ಊರಿನ ಕಬ್ಬಿಣದ ಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಕಾಗದದ ಕಾರ್ಖಾನೆಗೆ ಕಾಡಿನ ಬಿದಿರು ಬಂತು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ವಿದ್ಯುತ್ತು ಬಂತು, ಹಳ್ಳಿಗಳು ಮುಳುಗಿದವು. ನಮ್ಮ ಕೂಲಿಯ ಬೇರು ಆ ಕಾಡಿನಲ್ಲಿ, ಆ ನೀರಿನಲ್ಲಿ ಇದೆ.

ಆ ಮುಳುಗಡೆಯ ಕಥೆ ಬರೆದವರು ಸಾಗರದ ನಾ. ಡಿಸೋಜ. ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿ ಎಲ್ಲವನ್ನೂ ಕಣ್ಣಾರೆ ಕಂಡವರು. 2025ರ ಜನವರಿಯಲ್ಲಿ ತೀರಿಕೊಂಡರು. ಅವರ ‘ದ್ವೀಪ’ ಕಾದಂಬರಿಯಲ್ಲಿ ನೀರು ಸುತ್ತುವರಿದು ಗುಡ್ಡವೊಂದು ನಡುಗಡ್ಡೆಯಾಗುತ್ತದೆ. ಅಲ್ಲಿ ಉಳಿದ ಸಂಸಾರದ ಹೆಣ್ಣು ನಾಗವೇಣಿ. 2002ರಲ್ಲಿ ಗಿರೀಶ ಕಾಸರವಳ್ಳಿಯವರು ಅದನ್ನು ಚಿತ್ರ ಮಾಡಿದರು. ಚಿತ್ರದಲ್ಲಿ ಮಳೆಗಾಲದುದ್ದಕ್ಕೂ ದುಡಿದು ಮನೆ ಉಳಿಸುವವಳು ನಾಗಿ. ಮಳೆ ನಿಂತ ಮೇಲೆ ಗಂಡ ಕೈಮುಗಿಯುವುದು ದೇವರಿಗೆ. ಅವಳ ದುಡಿಮೆ ಲೆಕ್ಕಕ್ಕೇ ಇಲ್ಲ.

ನಮ್ಮಲ್ಲಿ ಹೆಣ್ಣನ್ನು ಭೂಮಿತಾಯಿ ಎಂದು ಹೊಗಳುವ ಪದ್ಧತಿ ಹಳೆಯದು. ಭೂಮಿ ಕೇಳದೆ ಕೊಡುತ್ತದೆ, ಹೆಣ್ಣೂ ಹಾಗೆಯೇ ಕೊಡಲಿ ಎಂಬುದೇ ಅದರ ಒಳಗುಟ್ಟು. ಹೊಗಳಿದವನು ಕೂಲಿ ಕೊಡಬೇಕಾಗಿಲ್ಲವಲ್ಲ! ಪ್ರಕೃತಿಯನ್ನು ಸುಲಿಯುವ ಕೈ, ಹೆಣ್ಣನ್ನು ತುಳಿಯುವ ಕೈ ಒಂದೇ ಎಂಬ ವಿಚಾರಕ್ಕೆ 1974ರಲ್ಲಿ ಫ್ರಾನ್ಸಿನ ಲೇಖಕಿ ಫ್ರಾನ್ಸ್ವಾಸ್ ದೋಬನ್ ಒಂದು ಹೆಸರಿಟ್ಟರು. ಕನ್ನಡದಲ್ಲಿ ಅದು ‘ಪರಿಸರ ಸ್ತ್ರೀವಾದ’. ಹೆಸರು ಹೊಸದು, ಅನುಭವ ಹಳೆಯದು. ಸೊಪ್ಪು ತರುವವಳು, ಕಟ್ಟಿಗೆ ಹೊರುವವಳು, ಸಸಿ ನೆಡುವವಳು ಕಾಡನ್ನೂ ನೆಲವನ್ನೂ ಬಲ್ಲಳು. ಹೆಣ್ಣಾಗಿ ಹುಟ್ಟಿದ್ದರಿಂದ ಬಂದ ತಿಳಿವಳಿಕೆ ಅಲ್ಲ ಅದು, ದುಡಿದು ಬಂದದ್ದು. ಕಾಡು ಹೋದರೆ, ನೆಲ ಮುಳುಗಿದರೆ ಮೊದಲ ಪೆಟ್ಟು ಬೀಳುವುದೂ ಅವಳಿಗೇ.

ಇದು ನಮಗೂ ಅನ್ವಯಿಸುವ ಮಾತು. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆ ನಮ್ಮದು. ‘ಉಳುವವನೇ ಹೊಲದೊಡೆಯ’ ಎಂದು ಕೂಗುತ್ತಾ ಬಂದಿದ್ದೇವೆ. ನ್ಯಾಯವಾದ ಕೂಗು. ಆದರೆ ಅದೇ ಹೊಲದಲ್ಲಿ ನಾಟಿ ಮಾಡಿದವಳು, ಕಳೆ ಕಿತ್ತವಳು ಯಾವುದರ ಒಡತಿ?

ಆದುದರಿಂದ ಕಾದಂಬರಿ ಓದುವಾಗ ಒಂದು ಪ್ರಶ್ನೆ ಇಟ್ಟುಕೊಳ್ಳಿ: ದುಡಿದವರು ಯಾರು, ಹೆಸರು ಯಾರದು? ಪುಸ್ತಕ ಮುಚ್ಚಿದ ಮೇಲೆ ನಿಮ್ಮ ಜಮೀನಿನ ಪಹಣಿ, ಮನೆಯ ಖಾತೆ, ಅಂಗಡಿಯ ಲೈಸೆನ್ಸು ತೆಗೆದು ನೋಡಿ. ಅಲ್ಲಿಯೂ ಅದೇ ಪ್ರಶ್ನೆ ಕೇಳಿ.